ಹೂಂ ಅಕ್ಕ ಬರೆದಿಟ್ಟ ಸುಳ್ಳು

ಧಪ್, ಧಪ್. ಬಸ್ಸಿನ ತಗಡಿಗೆ ಅಂಗೈ ಬಡಿಯುವ ಸದ್ದು. ಎರಡು ಏಟು ಬಿದ್ದರೆ ಹಿಂದಕ್ಕೆ ಬರಲಿ ಅಂತ, ಒಂದೇ ಏಟು ಬಿದ್ದರೆ ಅಲ್ಲೇ ನಿಲ್ಲಿಸು ಅಂತ. ಡಿಪೋದ ಗೋಡೆಗೆ ಬೆನ್ನು ಕೊಟ್ಟ ಒಂಟಿ ಕೋಣೆಯಲ್ಲಿ ಇಪ್ಪತ್ತು ವರ್ಷ ಬಾಳಿದವಳಿಗೆ ಅಲಾರಂ ಯಾಕೆ? ಮೂರನೇ ಬಸ್ಸು ಗೇಟು ದಾಟುವ ಹೊತ್ತಿಗೆ ಅವಳು ತಲೆ ಬಾಚಿ, ಊಟದ ಡಬ್ಬಿ ಕಟ್ಟಿ, ಬಾಗಿಲಿಗೆ ಬೀಗ ಹಾಕಿ ಆಗಿರುತ್ತಿತ್ತು.

ಬೀದಿಯವರಿಗೆಲ್ಲ ಅವಳು ಹೂಂ ಅಕ್ಕ. ಪಕ್ಕದ ಮನೆಯ ಡ್ರೈವರ್ ಇಟ್ಟ ಹೆಸರು. ಆಕಾಶ ಕೆಳಗಿದೆ ಅಂದರೂ ಈ ಮಾರಾಯ್ತಿ ಹೂಂ ಅಂತಾಳೆ, ಮೇಲಿಂದ ಹುಷಾರಾಗಿ ಕಾಲಿಡಿ ಅಂತಲೂ ಹೇಳ್ತಾಳೆ ಎಂದು ಅವನ ತಮಾಷೆ. ಅವಳೂ ನಗುತ್ತಿದ್ದಳು. ಹೂಂ ಅನ್ನುವುದೇ ಅವಳ ಕಸುಬು. ಮರೆವು ಹತ್ತಿದ ಹಿರಿಯರನ್ನು ಅವರವರ ಮನೆಗೇ ಹೋಗಿ ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವ ಕೆಲಸ.

ಆ ಕಸುಬನ್ನು ಅವಳು ಯಾವ ಶಾಲೆಯಲ್ಲೂ ಕಲಿತವಳಲ್ಲ, ಸ್ವಂತ ಅತ್ತೆಯಿಂದ ಕಲಿತಳು. ಅತ್ತೆಗೆ ಕೊನೆಕೊನೆಗೆ ತಮ್ಮನದೇ ಚಿಂತೆ: ಅವನು ಉಂಡನಾ, ಬಂದನಾ. ಗಂಡ ನೇರ ಮನುಷ್ಯ. ಸೋದರಮಾವ ಸತ್ತು ಹತ್ತು ವರ್ಷ ಆಯ್ತಲ್ಲಮ್ಮ ಅನ್ನುತ್ತಿದ್ದ. ಆ ಮುದುಕಿ ಪ್ರತಿ ಸಲವೂ ಆಗತಾನೇ ಸುದ್ದಿ ಕೇಳಿದವಳಂತೆ ಗೋಡೆಗೆ ಹಣೆ ಇಟ್ಟು ಅಳುತ್ತಿದ್ದಳು. ನಾಲ್ಕು ದಿನ ನೋಡಿ ಸೊಸೆ ಗಂಡನನ್ನು ಪಕ್ಕಕ್ಕೆ ಕರೆದು, ಒಬ್ಬನನ್ನೇ ದಿನಕ್ಕೆ ನಾಲ್ಕು ಸಲ ಸಾಯಿಸಬೇಡಿ ಅಂದಳು. ಅಂದಿನಿಂದ ಅತ್ತೆ ಕೇಳಿದಾಗೆಲ್ಲ ಅವಳದು ಒಂದೇ ಉತ್ತರ: ಹೂಂ ಅತ್ತೆ, ಉಂಡು ಮಲಗಿದಾರೆ. ಅತ್ತೆ ಹೋದರು, ಗಂಡನೂ ಹೋದ, ಹೂಂ ಉಳಿಯಿತು. ಹದಿನಾಲ್ಕು ವರ್ಷದಲ್ಲಿ ಆರು ಮನೆ ಕಂಡಳು. ಮನೆಗೆ ಹೋಗಬೇಕು ಎಂದು ಸ್ವಂತ ಮನೆಯಲ್ಲೇ ಹಟ ಹಿಡಿದ ತಾತನನ್ನು ಎರಡು ಬೀದಿ ಸುತ್ತಿಸಿ ಅದೇ ಮನೆಗೆ ಕರೆತಂದು, ಇಗೋ ಬಂತು ನಿಮ್ಮನೆ, ಕಾಲು ತೊಳ್ಕೊಳ್ಳಿ ಅಂದವಳು ಅವಳು.

ಏಳನೆಯದು ಕರಡು ತಿದ್ದುವ ಅಮ್ಮನ ಮನೆ. ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದ್ದವರು. ಬೇರೆ ಏನು ಮರೆತರೂ ಓದುವುದನ್ನು ಮಾತ್ರ ಮರೆತಿರಲಿಲ್ಲ. ಸೋಪಿನ ಕವರು, ಔಷಧಿಯ ಚೀಟಿ, ಕರೆಂಟು ಬಿಲ್ಲು, ಕೈಗೆ ಸಿಕ್ಕಿದ್ದೆಲ್ಲ ಕೆಂಪು ಪೆನ್ಸಿಲಿನ ಕೆಳಗೆ ಹಾಯಬೇಕು. ಅವರೊಂದಿಗೆ ಇದ್ದವಳು ಮಗಳು, ನೀರಿನ ಕಚೇರಿಯ ಗುಮಾಸ್ತೆ. ಹಗಲು ಹೂಂ ಅಕ್ಕನದು, ಸಂಜೆಯ ಮೇಲೆ ಮಗಳದು.

ಈ ಇಬ್ಬರ ನಡುವೆ ಒಂದು ನೋಟ್‌ಬುಕ್ಕು ಇತ್ತು. ಅಡುಗೆಮನೆಯ ಬಾಗಿಲ ಪಕ್ಕ ದಾರದಲ್ಲಿ ತೂಗುತ್ತಿತ್ತು. ನಡೆದದ್ದನ್ನು ಅದರಲ್ಲಿ ಬರೆಯುತ್ತಿರಲಿಲ್ಲ. ಅಮ್ಮನಿಗೆ ಏನು ಹೇಳಿದೆವು ಎಂಬುದನ್ನು ಬರೆಯುತ್ತಿದ್ದರು. ಪ್ರೆಸ್ಸಿಗೆ ಹೊರಡಬೇಕು ಎಂದು ಅಮ್ಮ ಚಪ್ಪಲಿ ಹುಡುಕಿದ ದಿನ, 'ಇವತ್ತು ಭಾನುವಾರ' ಎಂದು ಬರೆದಿಟ್ಟರೆ ಸಂಜೆ ಮಗಳೂ ಭಾನುವಾರವೇ ಅನ್ನಬೇಕು. ಮರೆವಿನವರಿಗೆ ಮಾತು ಮರೆಯುತ್ತದೆ, ಎದುರಿನವರ ಮುಖದ ತಡವರಿಕೆ ಮರೆಯುವುದಿಲ್ಲ. ಹೀಗಾಗಿ ಆ ಮನೆಯಲ್ಲಿ ಕೆಲವು ವಾರಗಳಿಗೆ ನಾಲ್ಕು ಭಾನುವಾರ. ಅಷ್ಟು ರಜೆ ನನ್ನ ಆಫೀಸಲ್ಲೂ ಕೊಡಿಸಕ್ಕ ಎಂದು ಮಗಳು ನಗಿಸುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಒಮ್ಮೆ ಹೂಂ ಅಕ್ಕನ ಮಂಡಿ ಊದಿದಾಗ ಮಗಳೇ ಕೂತು ಎಣ್ಣೆ ತಿಕ್ಕಿದ್ದಳು. ಬೇಡ ಅಂದರೆ, ಸುಮ್ನೆ ಕಾಲು ಚಾಚಕ್ಕ, ನನಗೆ ಇನ್ನೊಬ್ಬಳು ಅಕ್ಕ ಎಲ್ಲಿದಾಳೆ ಅಂದಿದ್ದಳು. ಆ ಮಾತನ್ನು ಹೂಂ ಅಕ್ಕ ಮನೆಗೆ ಹೊತ್ತುಕೊಂಡು ಹೋಗಿದ್ದಳು.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮಗಳು ಬೇಗ ಬಂದಳು. ಅಮ್ಮ ನಿದ್ದೆಯಲ್ಲಿದ್ದರು. ಬೀರುವಿನ ಮೇಲಿನ ಡ್ರಾಯರಿನಿಂದ ತೀರಿಹೋದ ಅಪ್ಪನ ಕೈಗಡಿಯಾರ ತೆಗೆದಳು. ತನ್ನ ಮಗನಿಗೆ ಕೆಲಸ ಸಿಕ್ಕಿದೆ, ತಾತನ ವಾಚು ಅವನ ಕೈಲಿರಲಿ ಅಂತ ಆಸೆ, ಆದರೆ ಅಣ್ಣನಿಗೂ ಅದರ ಮೇಲೆ ಕಣ್ಣಿದೆ, ಸಮಯ ನೋಡಿ ನಾನೇ ಅವನಿಗೆ ಹೇಳ್ತೀನಿ ಎಂದು ಪಿಸುಗುಟ್ಟಿದಳು. ಅಮ್ಮ ಮಾತ್ರ ಆ ವಾಚನ್ನು ದಿನಾ ಕೇಳುವವರು. ಅವರ ಲೆಕ್ಕದಲ್ಲಿ ಗಂಡ ಇನ್ನೂ ಸ್ನಾನದ ಮನೆಯಲ್ಲಿದ್ದಾರೆ, ಹೊರಡಲು ಹೊತ್ತಾಗುತ್ತಿದೆ.

"ನೀನೇ ತಗೊಂಡೆ, ರಿಪೇರಿಗೆ ಕೊಟ್ಟೆ ಅಂದ್ಬಿಡಕ್ಕ. ನಿನ್ನ ಮಾತಾದ್ರೆ ಅಮ್ಮ ನಂಬ್ತಾರೆ."

ಹೂಂ ಅಕ್ಕ ಹೂಂ ಅಂದಳು. ಪದ್ಧತಿಯಂತೆ ನೋಟ್‌ಬುಕ್ಕು ತೆಗೆದು 'ಮಗಳು' ಎಂದು ಶುರು ಮಾಡುತ್ತಿದ್ದಂತೆ ಮಗಳು ಅವಳ ಮಣಿಕಟ್ಟು ಹಿಡಿದಳು. ನನ್ನ ವಿಷಯ ಬೇಡ, ಅಮ್ಮ ಓದ್ತಾರೆ ಅಂದಳು. ಅದು ನಿಜವೇ. ಅಕ್ಕ ಆ ಪದವನ್ನು ಹೊಡೆದು ಬರೆದಳು: 'ವಾಚು ನಾನು ತಗೊಂಡೆ.' ಮರುದಿನ ಅಮ್ಮ ಆ ಸಾಲನ್ನು ಓದಿ, ಹೊಡೆದ ಪದದ ಮೇಲೆ ಇನ್ನೊಂದು ಕೆಂಪು ಗೀಟು ಎಳೆದು, ಅಂಚಿನಲ್ಲಿ ಸರಿ ಎಂದು ಗುರುತು ಹಾಕಿದರು. ಆಮೇಲೆ ಅದೇ ಸಾಲು ಎಷ್ಟು ಪುಟಗಳಲ್ಲಿ ಬಂತೋ. ಅಮ್ಮ ಕೇಳುವರು, ಇವಳು ಹೂಂ ಅನ್ನುವಳು, ನಾಳೆ ತರ್ತೀನಿ ಅನ್ನುವಳು. ಅಮ್ಮ ಸ್ನಾನದ ಮನೆಯ ಕಡೆ ತಿರುಗಿ, ರೀ, ಇನ್ನೂ ರಿಪೇರಿಯಲ್ಲಿದೆಯಂತೆ ಎಂದು ಕೂಗಿ ಹೇಳಿ ನೆಮ್ಮದಿಯಾಗುವರು.

ಕಳೆದ ಸೋಮವಾರ ಅಣ್ಣ ಬಂದ. ಬೇರೆ ಊರಿನಲ್ಲಿ ಯಂತ್ರಗಳ ವ್ಯಾಪಾರ, ವರ್ಷಕ್ಕೆ ಎರಡು ಸಲ ಬರುವವನು. ಕೆಟ್ಟವನೇನಲ್ಲ; ಬಂದಾಗ ತಾಯಿಯ ಉಗುರು ತಾನೇ ಕತ್ತರಿಸುತ್ತಿದ್ದ. ನೇಲ್‌ಕಟರು ಹುಡುಕುತ್ತಾ ಡ್ರಾಯರು ಎಳೆದವನು ಅಲ್ಲೇ ನಿಂತ. ಅಪ್ಪನ ವಾಚೆಲ್ಲಿ ಅಂದ. ಅಮ್ಮ ಸರಾಗವಾಗಿ ಹೂಂ ಅಕ್ಕನ ಕಡೆ ಕೈ ತೋರಿಸಿದರು. "ಅವಳು ತಗೊಂಡಿದಾಳೆ. ಬೇಕಾದ್ರೆ ಓದು. ನಾನೇ ತಿದ್ದಿದೀನಿ."

ಅವನು ನೋಟ್‌ಬುಕ್ಕನ್ನು ದಾರದಿಂದ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತ. ಪುಟ ತಿರುವಿದ, ತಿರುವಿದ, ತಂಗಿ ಕಚೇರಿಯಿಂದ ಬರುವವರೆಗೂ ತಿರುವಿದ. ಅವಳು ಚೀಲ ಇಳಿಸುವಷ್ಟರಲ್ಲಿ ಅಕ್ಷರ ಯಾರದು ಎಂದು ಕೇಳಿದ. ನನ್ನದೇ ಎಂದಳು ಹೂಂ ಅಕ್ಕ. ಅವಳಿಗೆ ಇನ್ನೂ ಭಯ ಹುಟ್ಟಿರಲಿಲ್ಲ. ಇದರಲ್ಲಿ ಇರುವುದು ಅಮ್ಮನಿಗೆ ಹೇಳಿದ ಮಾತಪ್ಪ, ನಡೆದದ್ದಲ್ಲ. ಅದೇ ಪುಟದಲ್ಲಿ ಭಾನುವಾರ ಅಂತಿದೆ ನೋಡಿ, ಅವತ್ತು ಬುಧವಾರ ಎಂದು ಬಿಡಿಸಿ ಹೇಳಿದಳು. ಹೇಳಿ, ಮಗಳ ಕಡೆ ನೋಡಿದಳು. ಇನ್ನು ಒಂದೇ ಒಂದು ಹೂಂ ಬೇಕಾಗಿತ್ತು. ಅದು ಸಿಕ್ಕರೆ ಹದಿನೇಳು ವರ್ಷದ ಹೆಸರು ಉಳಿಯುತ್ತಿತ್ತು. ಕಳ್ಳಿ ಅನ್ನಿಸಿಕೊಂಡವಳಿಗೆ ಬಾಗಿಲು ತೆರೆಯುವ ಎಂಟನೇ ಮನೆ ಎಲ್ಲೂ ಇರುವುದಿಲ್ಲ.

"ಹೌದಾ?" ಎಂದ ಅಣ್ಣ ತಂಗಿಗೆ.

ಮಗಳು ಸೋಫಾದ ಮೇಲಿದ್ದ ಟವೆಲುಗಳನ್ನು ಮಡಚತೊಡಗಿದ್ದಳು. "ಭಾನುವಾರದ್ದು ಹೌದು," ಅಂದಳು. ಇನ್ನೊಂದು ಟವೆಲು ಮಡಚಿದಳು. "ವಾಚಿನ ವಿಷಯ ನನಗೆ ಗೊತ್ತಿಲ್ಲ."

ಹೂಂ ಅಕ್ಕನಿಗೆ ಮೊದಲು ಕಂಡದ್ದು ಆ ಟವೆಲು. ಬೆಳಿಗ್ಗೆ ತಾನೇ ಮಡಚಿಟ್ಟದ್ದು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಾಳೆ. ವಾಚು ಯಾರ ಕೈಲಿದೆ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಡಸು ದನಿ ಕೇಳಿ ಬೆದರಿದ ಅಮ್ಮ ಎದ್ದು ಬಂದಿದ್ದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಬಾಗಿಲ ಚಿಲಕಕ್ಕೆ ಕೈ ಹಾಕಿ ಹೂಂ ಅಕ್ಕನ ಕಡೆ ತಿರುಗಿ ಕೇಳಿದರು.

"ಅವರಿಗೆ ಹೊತ್ತಾಯ್ತು. ವಾಚು ನೀನು ತಗೊಂಡ್ಯೇನೇ?"

ಇಲ್ಲ ಅನ್ನಬಹುದಿತ್ತು. ಇಲ್ಲ ಅಂದರೆ ಅಮ್ಮ ಈಗಲೇ ಬೀದಿಗೆ ಇಳಿಯುತ್ತಾರೆ, ಗಂಡನ ವಾಚು ಹುಡುಕುತ್ತಾ. ಅದು ಅವಳಿಗೆ ಗೊತ್ತಿತ್ತು. ಅವಳು ಏನು ಅನ್ನುತ್ತಾಳೆ ಎಂಬುದು ಟವೆಲು ಮಡಚುವವಳಿಗೂ ಗೊತ್ತಿತ್ತು. ಅದಕ್ಕೇ ಮಗಳು ತಲೆ ಎತ್ತಲಿಲ್ಲ.

"ಹೂಂ ಅಮ್ಮ. ನಾಳೆ ತರ್ತೀನಿ."

ಅದನ್ನು ಯಾರಾದರೂ ಕರುಣೆ ಅಂದರೆ ಹೂಂ ಅಕ್ಕ ಒಪ್ಪುತ್ತಿರಲಿಲ್ಲ. ಮನಸ್ಸು ಇನ್ನೂ ದಾರಿ ಹುಡುಕುತ್ತಿರುವಾಗ ನಾಲಿಗೆ ರೂಢಿಯಂತೆ ಮುಂದೆ ಹೋಗಿಬಿಟ್ಟಿತ್ತು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಇನ್ನೇನು ಬೇಕು ಎಂದ ಅಣ್ಣ. ನಿಮ್ಮ ಸೋದರಳಿಯನ ಕೈ ನೋಡಿ ಎಂದು ಅವಳು ಆಮೇಲೆ ಹೇಳಿದಳು ಕೂಡ. ಸಿಕ್ಕಿಬಿದ್ದವರೆಲ್ಲ ಇನ್ನೊಬ್ಬರ ಕಡೆ ಬೆರಳು ತೋರಿಸುವುದೇ ಎಂದು ಅವನು ನೋಟ್‌ಬುಕ್ಕು ಮುಚ್ಚಿದ. ಪೊಲೀಸು ಗಿಲೀಸು ಬೇಡ, ಬೀಗದ ಕೈ ಇಟ್ಟು ಹೋಗು ಅಂದ. ಅವಳು ಇಟ್ಟಳು.

ಗೇಟಿನ ಹತ್ತಿರ ಹಿಂದಿನಿಂದ ಚಪ್ಪಲಿಯ ಸದ್ದು. ಮಗಳು. ಮರೆತ ಊಟದ ಡಬ್ಬಿ ತಂದಿದ್ದಳು, ತೊಳೆದು. ಕಣ್ಣು ಕೆಂಪಾಗಿತ್ತು. ಅಣ್ಣ ಗುರುವಾರ ಹೊರಡುತ್ತಾನೆ, ಅವನ ಮುಂದೆ ಬಾಯಿ ಬರಲಿಲ್ಲ ಎಂದೆಲ್ಲ ಹೇಳಿ, "ಶುಕ್ರವಾರದಿಂದ ಬಂದ್ಬಿಡಕ್ಕ, ಏನೂ ಆಗಿಲ್ಲ ಅಂದ್ಕೊಂಡು," ಅಂದಳು.

ಹೂಂ ಬರಲಿಲ್ಲ.

"ಶುಕ್ರವಾರ ಯಾವುದಮ್ಮ?" ಎಂದಳು ಹೂಂ ಅಕ್ಕ. "ನಿಮ್ಮನೇಲಿ ದಿನಾ ಭಾನುವಾರ."

ಮೂರು ವರ್ಷದಲ್ಲಿ ಮೊದಲ ಸಲ ಮಗಳನ್ನು ಅಮ್ಮ ಎಂದು ಕರೆದಿದ್ದಳು. ಯಾವಾಗಲೂ ತಂಗಿ ಅನ್ನುತ್ತಿದ್ದವಳು. ಡಬ್ಬಿ ಕಂಕುಳಿಗೆ ಸೇರಿಸಿಕೊಂಡಳು. ಹೋಗುವ ಮುನ್ನ ಕೆಲಸ ಒಪ್ಪಿಸಿ ಹೋಗುವುದು ಪದ್ಧತಿ. ನೋಟ್‌ಬುಕ್ಕು ಒಳಗೇ ಉಳಿದಿತ್ತು, ಬಾಯಲ್ಲೇ ಹೇಳಬೇಕು.

"ಮಾತ್ರೆ ಪುಡಿ ಮಾಡಿ ಬಾಳೆಹಣ್ಣಲ್ಲಿ ಕೊಡು. ಸ್ನಾನಕ್ಕೆ ನೀರು ಮೊದಲು ಕಾಲಿಗೆ ಹಾಕು, ತಲೆಗೆ ಹಾಕಿದ್ರೆ ಹೆದರ್ತಾರೆ. ಚಪ್ಪಲಿ ಕಣ್ಣಿಗೆ ಬೀಳೋ ಹಾಗೆ ಇಡಬೇಡ. ಕಾಫಿ ಆದ ತಕ್ಷಣ ವಾಚು ಕೇಳ್ತಾರೆ. ಆಗ ಅವರ ಮುಖ ನೋಡ್ಕೊಂಡು ನೀನೇ ಹೂಂ ಅನ್ನು, ನಾನೇ ತಗೊಂಡೆ ಅಂತ," ಅನ್ನುತ್ತಲೇ ಡಿಪೋದ ಕಡೆ ತಿರುಗಿ ನಡೆದಳು.