ಬಾಯಿಯೊಳಗಿನ ಉರಿ

ಮದುವೆಯಾಗಿ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ ಬಂದ ಮರುವರ್ಷ ನನ್ನ ಬಾಯಿ ಉರಿಯತೊಡಗಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆನ್ನೆಯ ಒಳಭಾಗ, ಕೆಳತುಟಿ, ಒಸಡು ಎಲ್ಲ ಬೆಂದಂತೆ ಕೆಂಪಾಗಿ, ಸಾರು ತಾಗಿದರೆ ಸಾಕು, ಕಣ್ಣಲ್ಲಿ ನೀರು. ಅತ್ತೆಯ ಸಾರೋ ಊರಿಗೇ ಹೆಸರಾದದ್ದು. ಅವರು ಮೆಣಸಿನಕಾಯಿ ಹುರಿಯಲು ನಿಂತರೆ ಬೀದಿಯಲ್ಲಿ ಹೋಗುವವರು ಸೀನುತ್ತಿದ್ದರು.

ನಾನು ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗತೊಡಗಿದೆ. ಅತ್ತೆಗೆ ಅವಮಾನವಾಯಿತು.

"ನಮ್ಮನೆ ಸಾರು ಸೇರಾಕಿಲ್ವಾ ನಿಂಗೆ?"

"ಸೇರ್ತದೆ ಅತ್ತೆ. ಬಾಯಿ ಉರೀತದೆ."

"ಉಷ್ಣ ಕಣವ್ವ. ಸೀಬೆ ಚಿಗುರು ಅಗಿ."

ಅಗಿದೆ. ತುಪ್ಪ ಸವರಿದೆ. ಪೇಟೆಯಿಂದ ತಂದ ಬಿ ವಿಟಮಿನ್ ಮಾತ್ರೆ ನುಂಗಿದೆ. ಉರಿ ಮಾತ್ರ ಹೋಗಲಿಲ್ಲ. ಕೊನೆಗೆ ಅತ್ತೆ ಶಾಸ್ತ್ರ ಹೇಳುವವನೊಬ್ಬನನ್ನು ಕೇಳಿಕೊಂಡು ಬಂದರು. ಬಾಯಿ ಜೋರಿರುವ ಹೆಂಗಸರಿಗೆ ತಗಲುವ ದೋಷ ಅದು, ಅಮಾವಾಸ್ಯೆವರೆಗೆ ನಾನು ಮಾತಾಡಕೂಡದು ಎಂದು ಅವನು ನನ್ನ ಮುಖವನ್ನೂ ನೋಡದೆ ಹೇಳಿದ್ದ.

"ಸುಮ್ಕಿದ್ ಬುಡು, ಏನೀಗ?" ಎಂದರು ನನ್ನ ಗಂಡ.

"ಮಾತಾಡಿದ್ರೆ ಉರಿಯಾಕಿಲ್ಲ, ಖಾರ ತಿಂದ್ರೆ ಉರಿಯೋದು. ಬುಡೋದಾದ್ರೆ ಖಾರ ಬುಡ್ತೀನಿ. ಮಾತಲ್ಲ."

ಮರುದಿನವೇ ಒಲೆಯ ಮೇಲೆ ಚಿಕ್ಕ ಪಾತ್ರೆ ಇಟ್ಟು, ಮೆಣಸಿನಕಾಯಿ ಇಲ್ಲದ ಬೇಳೆಕಟ್ಟು ಮಾಡಿಕೊಂಡೆ. ಒಂದು ಮನೆಯಲ್ಲಿ ಎರಡು ಸಾರೆಂದರೆ ಮನೆ ಪಾಲಾದ ಹಾಗೆ. ಸುದ್ದಿ ನೆಂಟರವರೆಗೂ ಹೋಯಿತು. ಗೌರಿ ಹಬ್ಬಕ್ಕೆ ಬಂದ ಅತ್ತೆಯ ಅಕ್ಕ ಎಲ್ಲರೂ ಊಟಕ್ಕೆ ಕೂತಿದ್ದಾಗಲೇ ಕೇಳಿದರು: "ಸೊಸೆ ಬ್ಯಾರೆ ಅಡುಗೆ ಮಾಡ್ಕತಾಳಂತೆ? ಅದೇನ್ ದೊಡ್ಡಸ್ತಿಕೆನೋ!"

ನಾನು ಸೌಟು ಕೆಳಗಿಟ್ಟೆ. ರಾತ್ರಿ ಗದ್ದೆಗೆ ನೀರು ಬಿಡಲು ಹೋಗುವಾಗ ಒಯ್ಯುವ ಬ್ಯಾಟರಿ ಗೂಡಿನಲ್ಲಿತ್ತು. ತಂದು ಹೊತ್ತಿಸಿ ಅವರ ಕೈಗೆ ಕೊಟ್ಟು, "ನೋಡ್ರಿ," ಎಂದು ಅಷ್ಟು ಜನರ ಎದುರು ಬಾಯಿ ತೆರೆದು ನಿಂತೆ.

ಅವರು ಮುಖ ತಿರುಗಿಸಿಕೊಂಡರು. ಅತ್ತೆಯೇ ಎದ್ದು ಬಂದು ಬ್ಯಾಟರಿ ಕಸಿದುಕೊಂಡರು. ನನ್ನ ಗದ್ದ ಹಿಡಿದು ಬಹಳ ಹೊತ್ತು ನೋಡಿದರು.

"ಅಯ್ಯೋ, ಜೇಡ್ರ ಬಲೆ ಕಟ್ಟದಂಗೆ ಬೆಳ್ಳಗದೆಯಲ್ಲ! ಪಕ್ಕದಲ್ಲಿ ಸಿಪ್ಪೆ ಸುಲ್ದಂಗದೆ. ನೀನ್ಯಾಕೆ ಮೊದ್ಲೇ ಏಳ್ನಿಲ್ಲ?"

"ಏಳ್ದೆ ಅತ್ತೆ. ನೀವು ನೋಡ್ನಿಲ್ಲ."

ಹಬ್ಬ ಕಳೆದ ಮೇಲೆ ಮೈಸೂರಿನ ಹಲ್ಲಿನ ಆಸ್ಪತ್ರೆಗೆ ನನ್ನ ಜೊತೆ ಬಸ್ಸು ಹತ್ತಿದವರು ಅತ್ತೆಯೇ. ಡಾಕ್ಟರಮ್ಮ ಕೆನ್ನೆಯೊಳಗಿಂದ ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿಸಿದರು. ಬಾಯಿಯ ಒಳಚರ್ಮಕ್ಕೆ ಬರುವ ಉರಿಯೂತ ಇದು, ಯಾರಿಗೂ ಅಂಟುವುದಿಲ್ಲ, ಮುಲಾಮಿನಿಂದ ತಗ್ಗುತ್ತದೆ, ಆದರೆ ಮತ್ತೆ ಮತ್ತೆ ಬರಬಹುದು ಎಂದರು.

"ಮಾತಾಡ್ಬೋದಾ ಇವ್ಳು?" ಎಂದು ಅತ್ತೆ ಕೇಳಿದರು.

ಡಾಕ್ಟರಮ್ಮನಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ. "ಮಾತಾಡಲಿ, ಅದಕ್ಕೇನು?" ಎಂದರು.

ಮುಲಾಮಿನಿಂದ ಉರಿ ತಗ್ಗಿತು, ಪೂರ್ತಿ ಹೋಗಲಿಲ್ಲ. ಅತ್ತೆ ತಮ್ಮ ಸಾರಿಗೆ ಒಂದು ಮೆಣಸಿನಕಾಯಿಯನ್ನೂ ಕಡಿಮೆ ಮಾಡಲಿಲ್ಲ, ನಾನು ಕೇಳಲೂ ಇಲ್ಲ. ಎರಡು ಪಾತ್ರೆಗಳೂ ಒಂದೇ ಒಲೆಯ ಮೇಲೆ ಕುದಿದವು.

ಈಗಲೂ ಮದುವೆ ಮನೆಗಳಲ್ಲಿ ಸಾರು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. "ಒಂಚೂರು ಆಕಿಸ್ಕಳಿ, ಏನಾಗಾಕಿಲ್ಲ," ಎಂದು ಬಡಿಸುವವರು ಬಲವಂತ ಮಾಡುತ್ತಾರೆ. ಏನಾಗುತ್ತದೆಂದು ನನಗೆ ಗೊತ್ತು. ಕೈ ತೆಗೆಯುವುದಿಲ್ಲ.