ಒಫೆಲಿಯಾಳ ಕಾಳಿನ ಲೆಕ್ಕ

ಒಫೆಲಿಯಾ ತೊಸೆಲ್ಲಿ ಮಂಗಳವಾರ ಬೆಳಗಿನ ಜಾವ ರೊಸಾರಿಯೊ ನಗರದ ತನ್ನ ಮನೆಯಲ್ಲಿ ತೀರಿಕೊಂಡಳು. ಹೃದಯ ನಿಂತಿತು. ವಯಸ್ಸು ಅರವತ್ತೊಂದು. ನಾನು ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಕಡತ ವಿಭಾಗದವನು, ಅವಳ ಇಪ್ಪತ್ತಾರು ವರ್ಷದ ಗೆಳೆಯ.

ಹೊಸ ಮದ್ದುಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗಗಳಿಗೆ ನಮ್ಮ ಔಷಧಾಲಯದಲ್ಲಿ ಒಂದು ಪ್ರತ್ಯೇಕ ಕೋಣೆ ಇದೆ. ಅದರ ಉಸ್ತುವಾರಿ ಒಫೆಲಿಯಾಳದು. ಜೊತೆಗೆ ಮಬೆಲ್ ಅಕೋಸ್ತಾ. ಮಬೆಲ್ ಆರು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಳು. ಕಳೆದ ಶರತ್ಕಾಲದಲ್ಲಿ ನಿರ್ದೇಶಕ ಡಾಕ್ಟರ್ ಸಬಾಲ್ಸಾ ಆ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದರು. ಅವರ ಲೆಕ್ಕ ಸರಳವಾಗಿತ್ತು: ಎಲ್ಲ ರೋಗಿಗಳೂ ಬರುವ ಔಷಧಾಲಯದ ದೊಡ್ಡ ಕಿಟಕಿಯಲ್ಲಿ ಆರು ಜನ ದಿನಕ್ಕೆ ನಾನೂರು ಚೀಟಿಗೆ ಮದ್ದು ಕೊಡುತ್ತಾರೆ, ಈ ಕೋಣೆಯಲ್ಲಿ ಇಬ್ಬರು ಸೇರಿ ಹನ್ನೊಂದು ಚೀಟಿ. ಒಬ್ಬರು ಸಾಕು.

ಒಫೆಲಿಯಾ ವಾದ ಮಾಡಲಿಲ್ಲ. ಚೀಟಿ ಬಿಟ್ಟು ನಿಮಿಷ ಎಣಿಸಿ ತರುತ್ತೇನೆ ಎಂದು ಹೇಳಿ ಏಳು ವಾರ ಕೇಳಿ ಪಡೆದಳು. ಎಡೆಬಿಡದೆ ನಾಲ್ಕು ವಾರದ ಲೆಕ್ಕ ಇಲ್ಲದಿದ್ದರೆ ಅದು ಲೆಕ್ಕವೇ ಅಲ್ಲ ಎಂಬುದು ಅವಳ ನಿಯಮ.

ತನ್ನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಗಾಜಿನ ಬಾಟಲಿ ಇಟ್ಟಳು. ಒಂದು ಮದ್ದು ಕೊಡುವುದಕ್ಕೆ, ಒಂದು ಮದ್ದಿನ ಫ್ರಿಜ್‌ನ ತಾಪ ನೋಡಿ ಬರೆದಿಡುವುದಕ್ಕೆ, ಒಂದು ರೋಗಿಗಳಿಂದ ವಾಪಸು ಬಂದ ಮಾತ್ರೆ ಎಣಿಸುವುದಕ್ಕೆ, ಒಂದು ಹೊರಗಿನಿಂದ ಕಡತ ತಪಾಸಣೆಗೆ ಬಂದವರ ಜೊತೆ ಕೂರುವುದಕ್ಕೆ. ಐದು ನಿಮಿಷದ ಕೆಲಸಕ್ಕೆ ಒಂದು ಬಿಳಿ ಬೀನ್ಸ್ ಕಾಳು. ಶುಕ್ರವಾರ ಎಣಿಕೆ. ಇದಕ್ಕೂ ಒಂದು ಪುಸ್ತಕ ಇಡಬಾರದೇ ಎಂದು ಕೇಳಿದೆ.

"ಅಳೆಯೋದಕ್ಕೇ ಹೊತ್ತು ಹೋದ್ರೆ ಅದನ್ನ ಅಳೆಯೋರು ಯಾರಪ್ಪಾ?" ಎಂದಳು.

ಮೂರನೆಯ ವಾರ ಹಾಳು ಮಾಡಿದವನು ನಾನೇ. ಊಟದ ಬಿಡುವಿನಲ್ಲಿ ಕಡತ ವಿಭಾಗದ ನಾವು ನಾಲ್ವರು ತ್ರೂಕೊ ಆಡುತ್ತಿದ್ದೆವು. ಇಸ್ಪೀಟು ಇತ್ತು, ಅಂಕ ಇಡಲು ಕಾಳು ಇರಲಿಲ್ಲ. ನಮ್ಮಲ್ಲಿ ಅದಕ್ಕೆ ಬೇರೆ ಏನನ್ನೂ ಬಳಸುವುದಿಲ್ಲ. ನಾನು ಅವಳ ಕೋಣೆಗೆ ಹೋದಾಗ ಒಫೆಲಿಯಾ ಫ್ರಿಜ್ ಹತ್ತಿರ ಇದ್ದಳು. ಕಟ್ಟೆಯ ಮೇಲಿನ ಬಾಟಲಿಗಳಿಂದ ಒಂದು ಹಿಡಿ ತೆಗೆದುಕೊಂಡೆ. ಆಟ ಮುಗಿದ ಮೇಲೆ ಕೈಗೆ ಸಿಕ್ಕ ಬಾಟಲಿಗೆ ಸುರಿದೆ. ಯಾರದೋ ಜೇಬಿನಲ್ಲಿ ಕೆಲವು ಉಳಿದೂ ಹೋಗಿದ್ದವು.

ಶುಕ್ರವಾರ ಅವಳು ತಪಾಸಣೆಯ ಬಾಟಲಿ ಹಿಡಿದುಕೊಂಡು ಕಡತ ವಿಭಾಗಕ್ಕೆ ಬಂದಳು. ಆ ವಾರ ತಪಾಸಣೆಗೆ ಯಾರೂ ಬಂದಿರಲಿಲ್ಲ. ಬಾಟಲಿಯಲ್ಲಿ ಇಪ್ಪತ್ತೇಳು ಕಾಳು. ನಾನು ಒಪ್ಪಿಕೊಂಡೆ.

"ಗೆದ್ಯಾ?"

"ಸೋತೆ."

"ಹಾಗಾದ್ರೆ ನನ್ನ ಲೆಕ್ಕನೂ ಹೋಯ್ತು, ನಿನ್ನ ಮರ್ಯಾದೆನೂ ಹೋಯ್ತು. ಒಂದಾದ್ರೂ ಉಳಿಸ್ಕೋಬಾರ್ದಿತ್ತೇನೋ?"

ಹಿಂದಿನ ಎರಡು ವಾರದ ಸರಾಸರಿ ಹಾಕಿ ತುಂಬಿಸಿಬಿಡು, ಸಬಾಲ್ಸಾಗೆ ಹೇಗೆ ಗೊತ್ತಾಗಬೇಕು ಎಂದು ನಾನು ಸಲಹೆ ಕೊಟ್ಟೆ. ಕಾಣೆಯಾದ ಮಾತ್ರೆಯ ಜಾಗದಲ್ಲಿ ಅಂದಾಜು ಬರೆದವರ ಪ್ರಯೋಗವನ್ನು ತಾನು ಕಸದ ಬುಟ್ಟಿಗೆ ಹಾಕುತ್ತೇನೆ, ತನ್ನದಕ್ಕೂ ಅದೇ ಗತಿ ಎಂದಳು. ಮೂರು ವಾರದ ಲೆಕ್ಕದ ಹಾಳೆ ಹರಿದು ಹಾಕಿದಳು. ಉಳಿದಿದ್ದದ್ದು ನಾಲ್ಕೇ ವಾರ. ಇನ್ನು ಒಂದು ದಿನ ಕೆಟ್ಟರೂ ಮಬೆಲ್ ಮನೆಗೆ ಹೋಗಬೇಕಾಗಿತ್ತು. ಮಬೆಲ್‌ಗೆ ಭಯ. ಒಫೆಲಿಯಾಗೆ ಇರಲಿಲ್ಲ. ಸೋಮವಾರ ಖಾಲಿ ಬಾಟಲಿಗಳನ್ನು ಅದೇ ಕಟ್ಟೆಯ ಮೇಲೆ ಇಟ್ಟಳು, ಬಚ್ಚಿಡಲೂ ಇಲ್ಲ.

ನಾಲ್ಕು ವಾರಕ್ಕೆ ಮೂರು ಸಾವಿರದ ನಾನೂರ ಹನ್ನೆರಡು ಕಾಳು. ದಿನಕ್ಕೆ ಹದಿನಾಲ್ಕು ಗಂಟೆಗೂ ಮೀರಿದ ಕೆಲಸ, ತಲಾ ಏಳು ಗಂಟೆ ದುಡಿಯುವ ಇಬ್ಬರದು. ಚೀಟಿಗೆ ಮದ್ದು ಕೊಡುವುದು ಅದರಲ್ಲಿ ಆರರಲ್ಲಿ ಒಂದು ಪಾಲೂ ಅಲ್ಲ.

ಸಬಾಲ್ಸಾ ನಂಬಲಿಲ್ಲ. ಒಂದು ಡಬ್ಬಿ ಮಾತ್ರೆ ವಾಪಸು ತೆಗೆದುಕೊಳ್ಳಲು ಐದು ಕಾಳೇ, ಇಪ್ಪತ್ತೈದು ನಿಮಿಷವೇ ಎಂದು ನಕ್ಕರು. ಕಾಗದಗಳನ್ನು ತಲುಪಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಒಫೆಲಿಯಾ ಅವರ ಮುಂದೆ ಒಂದು ಡಬ್ಬಿ, ಒಂದು ತಟ್ಟೆ, ನಮೂನೆ ಹಾಳೆಗಳನ್ನು ಇಟ್ಟಳು.

"ನೀವೇ ಮಾಡಿ ನೋಡಿ ಡಾಕ್ಟ್ರೇ. ನಾನು ಸುಮ್ನೆ ಗಡಿಯಾರ ನೋಡ್ತೀನಿ."

ಅವರು ಎಣಿಸಿದರು. ರೋಗಿ ಬರೆದುಕೊಂಡಿದ್ದ ಪಟ್ಟಿಗೂ ಅದಕ್ಕೂ ತಾಳೆಯಾಗಲಿಲ್ಲ. ಮತ್ತೆ ಎಣಿಸಿದರು. ಡಬ್ಬಿಯ ಸಂಖ್ಯೆ ತಪ್ಪಾಗಿ ಬರೆದು, ಒಂದೇ ಗೆರೆ ಎಳೆದು, ತಾರೀಖು ಹಾಕಿ ಸರಿಪಡಿಸಿದರು. ಎರಡನೆಯವರು ಮತ್ತೊಮ್ಮೆ ಎಣಿಸಲೇಬೇಕು ಎಂದು ಒಫೆಲಿಯಾ ನೆನಪಿಸಿದಾಗ ಕನ್ನಡಕ ತೆಗೆದಿಟ್ಟರು. ಮೂವತ್ತೊಂದು ನಿಮಿಷ ಆಗಿತ್ತು.

"ನಿಮ್ಮಷ್ಟು ನಿಧಾನ ನಮ್ಮ ಮಬೆಲ್ ಅಲ್ಲ," ಎಂದಳು ಒಫೆಲಿಯಾ.

ಗುತ್ತಿಗೆ ಮುಂದುವರಿಸುವ ಬದಲು ಹುದ್ದೆಯನ್ನೇ ಕಾಯಂ ಮಾಡಲು ಅವರು ಬರೆದು ಕಳಿಸಿದರು.

ಆದೇಶ ಬಂದದ್ದು ಮೊನ್ನೆ ಸೋಮವಾರ ಮಧ್ಯಾಹ್ನ, ಒಫೆಲಿಯಾಳ ಕೊನೆಯ ದಿನ. ತಂದುಕೊಟ್ಟವನು ನಾನೇ. ಮಬೆಲ್ ತಟ್ಟೆಯ ಮುಂದೆ ಕೂತು ವಾಪಸು ಬಂದ ಮಾತ್ರೆ ಎಣಿಸುತ್ತಿದ್ದಳು. ಕಾಗದ ಓದಿದಳು, ಪಕ್ಕಕ್ಕಿಟ್ಟಳು, ಮೂಗು ಒರೆಸಿಕೊಂಡು ಎಣಿಕೆ ಮುಗಿಸಿ ನಲವತ್ತಾರು ಎಂದಳು. ಒಫೆಲಿಯಾ ಎರಡನೆಯ ಎಣಿಕೆ ಮಾಡಿದಳು. ನಲವತ್ತೇಳು. ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಕಾಯಂ ಆದೋರು ಅಳ್ತಾ ಎಣಿಸಬಾರ್ದು ಕಣೇ. ಇನ್ನೊಂದ್ಸಲ."

ಮಬೆಲ್ ಎಣಿಸಿದಳು. ನಲವತ್ತೇಳು. ಅವಳು ಸಹಿ ಹಾಕುವವರೆಗೆ ಒಫೆಲಿಯಾ ಕಾದಳು. ಆಮೇಲೆ ಅದರ ಕೆಳಗೆ ತನ್ನ ಸಹಿ ಹಾಕಿ, ಗಡಿಯಾರ ನೋಡಿ, ಹೊತ್ತು ಬರೆದಳು.