ಎತ್ತು ಆರಿಸಿದ ಪಾಲಿಶ್ ಮಷೀನು

ಅಫಜಲಪುರದ ಅಂಗಡಿಯ ಮುಂದೆ, ಕಾರಿಗೆ ಪಾಲಿಶ್ ಮಾಡುವ ಮಷೀನನ್ನು ಎತ್ತಿನ ಕೊಂಬಿಗೆ ಹಿಡಿದು ನಿಂತಿದ್ದೆ. ಈ ಕೆಲಸಕ್ಕೆ ಹೊಸಬನಾದ ನನಗೆ ಅಂಗಡಿಯಲ್ಲಿ ತೋರಿಸಿದ ಎರಡು ಮಷೀನುಗಳಲ್ಲಿ ಯಾವುದು ಒಳ್ಳೆಯದೆಂದು ತಿಳಿದಿರಲಿಲ್ಲ. ಹಚ್ಚಿ ನೋಡೋಣವೆಂದರೆ ಕಾರು ಮನೆಯಲ್ಲಿತ್ತು. ಕಾರಹುಣ್ಣಿಮೆಗೆಂದು ಕೊಂಬಿನ ಬಣ್ಣ ಕೊಳ್ಳಲು ಬಂದಿದ್ದ ಅತನೂರಿನ ರೈತರೊಬ್ಬರು, “ನಮ್ಮ ಎತ್ತಿನ ಕೊಂಬಿಗೆ ಹಚ್ಚಿ ನೋಡ್ರಿ, ಹೆಂಗೂ ನುಣ್ಣಗ ಮಾಡಬೇಕಾಗ್ಯದ” ಎಂದಿದ್ದರು.

ಗರಗರ ತಿರುಗುವ ಮಷೀನು ತಾಗಿದ ಕೂಡಲೇ ಎತ್ತು ತಲೆ ಕೊಡವಿತು. ಸಣ್ಣಗೆ ನಡುಗುವ ಇನ್ನೊಂದಕ್ಕೆ ಕಣ್ಣು ಮುಚ್ಚಿ ನಿಂತಿತು.

“ಇದೇ ಒಯ್ರಿ, ಎತ್ತಿಗೆ ಪಸಂದ್ ಬಂದದ” ಎಂದರು ಅಂಗಡಿಯ ಚಾಚಾ, ನಗದೇ. ಅದನ್ನೇ ತಂದೆ.

ಹಬ್ಬಕ್ಕೆ ಆ ಮಷೀನಿನಿಂದ ನಮ್ಮ ಓಣಿಯ ಎತ್ತುಗಳ ಕೊಂಬುಗಳೆಲ್ಲ ಕನ್ನಡಿಯಂತೆ ಹೊಳೆದವು. ಕಾರಿನ ಸರದಿ ಇನ್ನೂ ಬಂದಿಲ್ಲ. ಅದರ ಧೂಳಿನ ಮೇಲೆ ಯಾರೋ ಬೆರಳಿನಿಂದ ಎತ್ತಿನ ಚಿತ್ರ ಬರೆದಿದ್ದಾರೆ.